ಒಳಾಂಗಣ ಜಲಶಿಲ್ಪದ ದೋಷ ನಿವಾರಣೆ: ಸರ್ಕಾರಿ ಕಟ್ಟಡಗಳ ನಿರ್ವಹಣಾ ಸಿಬ್ಬಂದಿಗೆ ಒಂದು ಕೈಪಿಡಿ

ಈ ಕೈಪಿಡಿಯು ಸರ್ಕಾರಿ ಕಚೇರಿಗಳ ಒಳಾಂಗಣದಲ್ಲಿ ನಿಲ್ಲಿಸುವ ಒಂದು ಬಗೆಯ ಶಿಲ್ಪಕ್ಕೆ ಸಂಬಂಧಿಸಿದೆ. ಗ್ರಾನೈಟ್ ಚಪ್ಪಡಿ, ಕಂಚು ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಮೈಮೇಲೆ ನೀರು ತೆಳುವಾದ ತೆರೆಯಾಗಿ ಇಳಿದು, ಕೆಳಗಿನ ತೊಟ್ಟಿಯನ್ನು ಸೇರಿ, ಪಂಪಿನ ಮೂಲಕ ಮತ್ತೆ ಮೇಲಿನ ದೋಣಿಗೆ, ಅಂದರೆ ನೀರು ತುಂಬಿ ಅಂಚಿನಿಂದ ಇಳಿಯುವ ಉದ್ದನೆಯ ಮರಿಗೆಗೆ, ಏರುವಂತಹ ಶಿಲ್ಪ ಅದು. ನೀರು ಹರಿಯುತ್ತಿರುವಾಗ ಮಾತ್ರ ಅದು ಕಲಾವಿದರು ಕಲ್ಪಿಸಿದ ಕೃತಿಯಾಗಿರುತ್ತದೆ. ಒಣಗಿ ನಿಂತರೆ ಬರಿಯ ಕಲ್ಲಿನ ಗೋಡೆಯಾಗುತ್ತದೆ. ಆದ್ದರಿಂದ ಅದನ್ನು ಹರಿಯುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಕೃತಿಯ ಸಂರಕ್ಷಣೆಯೇ ಹೊರತು ಬರಿಯ ಕೊಳಾಯಿ ಕೆಲಸವಲ್ಲ ಎಂಬ ತಿಳಿವಳಿಕೆಯಿಂದ ಇದನ್ನು ಬರೆಯಲಾಗಿದೆ.

ಇಂತಹ ಶಿಲ್ಪದ ದೋಷ ಕಣ್ಣಿಗೆ ಬೀಳುವುದು ಕಲ್ಲಿನ ಮೇಲೆ, ಆದರೆ ಅದರ ಕಾರಣವಿರುವುದು ಬಹುಮಟ್ಟಿಗೆ ನೀರಿನ ಗುಣದಲ್ಲಿ ಅಥವಾ ದೋಣಿಯ ಅಂಚಿನ ಮಟ್ಟದಲ್ಲಿ. ಕಾರಣವನ್ನು ಹುಡುಕದೆ ಕಂಡ ಕಲೆಯನ್ನು ಉಜ್ಜಲು ಹೊರಟಾಗ ಕಲೆ ತಿಂಗಳೊಳಗೆ ಮರಳಿ ಬರುತ್ತದೆ, ಉಜ್ಜಿದ ಮೈ ಮಾತ್ರ ಮರಳಿ ಬರುವುದಿಲ್ಲ. ಆದುದರಿಂದ ಇಲ್ಲಿ ಹೇಳಿರುವ ಪರೀಕ್ಷೆಗಳೆಲ್ಲ ಮೊದಲು ನೋಡುವುದು, ಅಳೆಯುವುದು ಮತ್ತು ಬರೆದಿಡುವುದರಿಂದ ಆರಂಭವಾಗುತ್ತವೆ. ಶಿಲ್ಪದ ಮೈಯನ್ನು ಮುಟ್ಟುವ ಕೆಲಸ ಕೊನೆಗೆ ಬರುತ್ತದೆ.

ಕೈ ಹಾಕುವ ಮುನ್ನ

ಪಂಪಿನ ವಿದ್ಯುತ್ತನ್ನು ಗೋಡೆಯ ಸ್ವಿಚ್ಚಿನಲ್ಲಿ ಮಾತ್ರವಲ್ಲದೆ ವಿತರಣಾ ಪೆಟ್ಟಿಗೆಯಲ್ಲಿಯೂ ಕಡಿತಗೊಳಿಸಿ, ಬೇರೆಯವರು ತಿಳಿಯದೆ ಚಾಲೂ ಮಾಡದಂತೆ ಪೆಟ್ಟಿಗೆಗೆ ಬೀಗ ಹಾಕಬೇಕು. ತೊಟ್ಟಿಯೊಳಗೆ ಸಬ್‌ಮರ್ಸಿಬಲ್ ಪಂಪ್ ಅಥವಾ ದೀಪ ಇರುವಲ್ಲಿ ಈ ಒಂದು ಕ್ರಮವನ್ನು ಎಷ್ಟೇ ಅವಸರವಿದ್ದರೂ ಬಿಡುವಂತಿಲ್ಲ. ಅನಂತರ ಶಿಲ್ಪದ ನಾಲ್ಕೂ ಬದಿಯ ಛಾಯಾಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದು, ದೋಷ ಮೊದಲು ಕಂಡ ದಿನ, ಆ ಹೊತ್ತಿನಲ್ಲಿ ತೊಟ್ಟಿಗೆ ತುಂಬಿಸುತ್ತಿದ್ದ ನೀರಿನ ಮೂಲ ಮತ್ತು ಈಚೆಗೆ ಬಳಸಿದ ಶುಚಿ ಸಾಮಗ್ರಿಗಳ ಹೆಸರನ್ನು ಲಾಗ್ ಪುಸ್ತಕದಲ್ಲಿ ನಮೂದಿಸಬೇಕು. ಹೊರಗುತ್ತಿಗೆಯ ಶುಚಿತ್ವ ಸಿಬ್ಬಂದಿಯನ್ನು ಗೌರವದಿಂದ, ತಪ್ಪು ಹುಡುಕುವ ದನಿಯಿಲ್ಲದೆ ವಿಚಾರಿಸಿದರೆ ಅರ್ಧಕ್ಕಿಂತ ಹೆಚ್ಚು ಸುಳಿವು ಅವರಿಂದಲೇ ಸಿಗುತ್ತದೆ. ಪ್ರತಿದಿನ ಆ ಶಿಲ್ಪದ ಹತ್ತಿರ ಹೋಗುವವರು ಅವರೇ.

ನೀರಿನ ಮೂಲದ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ವಿಶೇಷವಾಗಿ ಕೇಳಬೇಕಾಗಿದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾಗಿದ್ದಾಗ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ ಮತ್ತು ಅಲಂಕಾರಿಕ ಕಾರಂಜಿಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. 2025ರ ಫೆಬ್ರುವರಿಯಲ್ಲಿ ಅಂತಹುದೇ ಆದೇಶ ಮತ್ತೆ ಹೊರಬಿತ್ತು. ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಅಲಂಕಾರಕ್ಕೆ ಹರಿಸಬಾರದೆಂಬುದು ನ್ಯಾಯವಾದ ಮಾತೇ. ಆದರೆ ಇಂತಹ ಆದೇಶ ಬಂದಾಗ ಕೆಲವು ಶಿಲ್ಪಗಳು ತಿಂಗಳುಗಟ್ಟಲೆ ಒಣಗಿ ನಿಲ್ಲುತ್ತವೆ, ಕೆಲವಕ್ಕೆ ಕೊಳವೆಬಾವಿಯ ನೀರು ಬರುತ್ತದೆ, ಕೆಲವಕ್ಕೆ ಸಂಸ್ಕರಿಸಿದ ತ್ಯಾಜ್ಯನೀರು ಬರುತ್ತದೆ. ಈ ಮೂರರಲ್ಲಿ ಪ್ರತಿಯೊಂದೂ ತನ್ನದೇ ಆದ ದೋಷವನ್ನು ತರುವುದರಿಂದ, ಮೂಲ ಬದಲಾದ ದಿನವನ್ನು ದೋಷ ಕಂಡ ದಿನದ ಪಕ್ಕದಲ್ಲಿಟ್ಟು ನೋಡುವುದೇ ಮೊದಲ ಪರೀಕ್ಷೆ.

ನೀರಿನ ತೆರೆ ಹರಿದು ಒಣ ಪಟ್ಟೆಗಳು ಕಾಣುವುದು

ಅತಿ ಹೆಚ್ಚು ಬರುವ ದೂರು ಇದು. ಒಂದು ಬದಿಯಲ್ಲಿ ನೀರು ದಪ್ಪವಾಗಿ ಸುರಿಯುತ್ತದೆ, ಇನ್ನೊಂದು ಬದಿಯಲ್ಲಿ ಕಲ್ಲು ಒಣಗಿರುತ್ತದೆ. ಸಾಮಾನ್ಯವಾಗಿ ಇದಕ್ಕೆ ಕೊಡುವ ಚಿಕಿತ್ಸೆ ಇನ್ನೂ ದೊಡ್ಡ ಪಂಪನ್ನು ಅಳವಡಿಸುವುದು, ಮತ್ತು ಅದು ಬಹುತೇಕ ತಪ್ಪು ಚಿಕಿತ್ಸೆ. ದೊಡ್ಡ ಪಂಪಿನಿಂದ ತೆರೆ ದಪ್ಪವಾಗಿ ಒಣ ಪಟ್ಟೆ ಮುಚ್ಚಿಹೋದರೂ ನೀರು ಸಿಡಿದು ನೆಲ ಜಾರುತ್ತದೆ, ಸದ್ದು ಏರುತ್ತದೆ, ಕಲಾವಿದರು ಬಯಸಿದ ತೆಳುವಾದ ಮಿನುಗು ಇಲ್ಲವಾಗುತ್ತದೆ.

ಮೊದಲು ಏಣಿ ಹತ್ತಿ ಮೇಲಿನ ದೋಣಿಯನ್ನು ನೋಡಬೇಕು. ಪಂಪ್ ಓಡುತ್ತಿರುವಾಗ ದೋಣಿಯಲ್ಲಿ ನೀರು ಅಂಚಿನವರೆಗೆ ತುಂಬಿ ಶಾಂತವಾಗಿದ್ದು, ಅಂಚಿನಿಂದ ಹೊರಬೀಳುವಾಗ ಮಾತ್ರ ಅಸಮವಾಗಿದ್ದರೆ ದೋಷ ಅಂಚಿನದು. ದೋಣಿಯಲ್ಲೇ ನೀರು ಸಾಲದೆ ತಳ ಕಾಣುತ್ತಿದ್ದರೆ ದೋಷ ಪೂರೈಕೆಯದು. ಈ ಒಂದು ನೋಟದಿಂದಲೇ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಅಂಚಿನ ದೋಷವೆಂದರೆ ಬಹುಪಾಲು ಮಟ್ಟದ ದೋಷ. ಅಂಚಿನ ಮೇಲೆ ಹರಿಯುವ ನೀರಿನ ಪ್ರಮಾಣವು ಅಂಚಿನ ಮೇಲೆ ನಿಂತ ನೀರಿನ ಆಳದ ಒಂದೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಒಂದು ತುದಿಯಲ್ಲಿ ಆಳ 6 ಮಿಲಿಮೀಟರ್ ಇದ್ದು, ಅಂಚು ಓರೆಯಾಗಿರುವುದರಿಂದ ಇನ್ನೊಂದು ತುದಿಯಲ್ಲಿ ಅದು 3 ಮಿಲಿಮೀಟರ್‌ಗೆ ಇಳಿದಿದ್ದರೆ, ಅಲ್ಲಿ ಹರಿಯುವ ನೀರು ಅರ್ಧವಾಗುವುದಿಲ್ಲ, ಸುಮಾರು ಮೂರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಬರಿಗಣ್ಣಿಗೆ ಕಾಣದ 3 ಮಿಲಿಮೀಟರ್ ಓರೆ ಇಡೀ ತೆರೆಯನ್ನು ಕೆಡಿಸುವುದು ಹೀಗೆ. ಇದನ್ನು ಅಳೆಯಲು ರಸಮಟ್ಟ ಸಾಲದು, ಏಕೆಂದರೆ ಉದ್ದನೆಯ ಅಂಚಿನ ಮೇಲೆ ಗಿಡ್ಡ ರಸಮಟ್ಟವನ್ನು ಸರಿಸುತ್ತ ಹೋದರೆ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. ದೋಣಿಯ ನೀರನ್ನೇ ಮಟ್ಟವಾಗಿ ಬಳಸುವುದು ಉತ್ತಮ. ಪಂಪನ್ನು ನಿಲ್ಲಿಸಿ, ದೋಣಿಯ ನೀರನ್ನು ಅಂಚಿಗಿಂತ ಸ್ವಲ್ಪ ಕೆಳಗೆ ಇಳಿಸಿ, ಅದು ಅಲುಗಾಡದೆ ನಿಂತ ಬಳಿಕ ಅಂಚಿನಿಂದ ನೀರಿನ ಮೈಗೆ ಇರುವ ಅಂತರವನ್ನು ಉಕ್ಕಿನ ಅಳತೆಪಟ್ಟಿಯಿಂದ ಅರ್ಧ ಮೀಟರಿಗೊಮ್ಮೆ ಅಳೆದು ಬರೆಯಬೇಕು. ನಿಂತ ನೀರು ತನ್ನಷ್ಟಕ್ಕೆ ಮಟ್ಟವಾಗಿರುವುದರಿಂದ, ಅಳತೆಗಳಲ್ಲಿ ಕಾಣುವ ವ್ಯತ್ಯಾಸವೆಲ್ಲ ಅಂಚಿನ ವ್ಯತ್ಯಾಸವೇ. ದೋಣಿಯ ಆಧಾರದಲ್ಲಿ ಹೊಂದಿಸುವ ಬೋಲ್ಟುಗಳಿದ್ದರೆ ಅವುಗಳಿಂದ ಸರಿಪಡಿಸಬೇಕು. ಅಂಚಿನ ಕಲ್ಲನ್ನು ಉಜ್ಜಿ ತಗ್ಗಿಸುವ ಕೆಲಸವನ್ನು ಕಲಾವಿದರ ಅಥವಾ ಅವರು ನೇಮಿಸಿದ ಶಿಲ್ಪಿಯ ಸಮ್ಮತಿಯಿಲ್ಲದೆ ಮಾಡಕೂಡದು.

ಅಂಚು ಮಟ್ಟವಾಗಿದ್ದು, ತೆರೆ ಮೇಲೆ ಕೂಡಿಯೇ ಹೊರಟು ನಡುವೆ ಎಲ್ಲೋ ಹರಿದುಹೋಗುತ್ತಿದ್ದರೆ ಕಲ್ಲಿನ ಮೈಯನ್ನು ಪರೀಕ್ಷಿಸಬೇಕು. ಮೈ ಒಣಗಿರುವಾಗ ಅಲ್ಲಲ್ಲಿ ಕೆಲವು ಹನಿ ನೀರು ಹಾಕಿದರೆ ಶುದ್ಧವಾದ ಕಡೆ ಹನಿ ಹರಡಿಕೊಳ್ಳುತ್ತದೆ, ಎಣ್ಣೆಯ ಅಂಶವಿರುವ ಕಡೆ ಗುಂಡಾಗಿ ನಿಲ್ಲುತ್ತದೆ. ಈ ಎಣ್ಣೆ ಬರುವ ದಾರಿಗಳು ಎರಡು. ಸಾರ್ವಜನಿಕರು ಕೈಗೆಟಕುವ ಎತ್ತರದಲ್ಲಿ ಮುಟ್ಟಿ ಮುಟ್ಟಿ ಆದ ಜಿಡ್ಡು ಒಂದು. ಚಪ್ಪಡಿಗಳ ಸಂದುಗಳಿಗೆ ತುಂಬಿದ ಸಿಲಿಕೋನ್ ಸೀಲಂಟಿನಿಂದ ನಿಧಾನವಾಗಿ ಒಸರಿ ಕಲ್ಲಿಗೆ ಇಳಿಯುವ ತೈಲ ಇನ್ನೊಂದು. ಮೊದಲನೆಯದು ಮೆದು ಬಟ್ಟೆ ಮತ್ತು ತಟಸ್ಥ ಸೋಪಿನ ನೀರಿಗೆ ಹೋಗುತ್ತದೆ, ಸೋಪನ್ನು ಪೂರ್ತಿ ತೊಳೆದು ಆ ನೀರನ್ನು ತೊಟ್ಟಿಗೆ ಸೇರಿಸದೆ ಹೊರಗೆ ತೆಗೆಯಬೇಕು, ಇಲ್ಲವಾದರೆ ಮರುದಿನ ನೊರೆಯ ದೂರು ಬರುತ್ತದೆ. ಎರಡನೆಯದು ಸೀಲಂಟನ್ನೇ ಬದಲಿಸದೆ ಹೋಗುವುದಿಲ್ಲ. ಒಣ ಪಟ್ಟೆ ಒಂದೆಡೆ ನಿಲ್ಲದೆ ಅತ್ತಿತ್ತ ಸರಿಯುತ್ತಿದ್ದರೆ ಹತ್ತಿರದ ಹವಾನಿಯಂತ್ರಕದ ಗಾಳಿಯನ್ನೋ ಸದಾ ತೆರೆದಿರುವ ಬಾಗಿಲನ್ನೋ ಶಂಕಿಸಬೇಕು.

ಪೂರೈಕೆಯ ದೋಷಕ್ಕೆ ಜಾಲರಿಯಲ್ಲಿ ಕಟ್ಟಿಕೊಂಡ ಕಸ, ಅರ್ಧ ಮುಚ್ಚಿದ ವಾಲ್ವ್, ಪಂಪಿನೊಳಗೆ ಸಿಕ್ಕಿಕೊಂಡ ಗಾಳಿ ಇವು ಸಾಮಾನ್ಯ ಕಾರಣಗಳು. ತ್ರೀ ಫೇಸ್ ಪಂಪ್ ಇರುವಲ್ಲಿ ಇನ್ನೊಂದು ಕಾರಣವನ್ನು ಮರೆಯಬಾರದು: ಟ್ರಾನ್ಸ್‌ಫಾರ್ಮರ್ ದುರಸ್ತಿಯ ಬಳಿಕ ಫೇಸ್‌ಗಳ ಕ್ರಮ ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಆಗಲೂ ಅದು ಸದ್ದು ಮಾಡುತ್ತದೆ, ಒಂದಷ್ಟು ನೀರನ್ನೂ ಎತ್ತುತ್ತದೆ, ಆದ್ದರಿಂದ ಪಂಪ್ ಸರಿಯಿದೆ ಎಂದೇ ಎಲ್ಲರೂ ನಂಬುತ್ತಾರೆ. ವಿದ್ಯುತ್ ದುರಸ್ತಿಯಾದ ದಿನವೇ ತೆರೆ ತೆಳುವಾಗಿದ್ದರೆ ಮೊದಲು ತಿರುಗುವ ದಿಕ್ಕನ್ನು ನೋಡಬೇಕು.

ತೊಟ್ಟಿಯ ನೀರು ದಿನವೂ ಕಡಿಮೆಯಾಗುವುದು

ನೀರು ಆವಿಯಾಗುವುದು ಸಹಜ, ಸೋರುವುದು ದೋಷ. ಇವೆರಡನ್ನು ಬೇರ್ಪಡಿಸದೆ ನೆಲ ಅಗೆಯಲು ಅಂದಾಜುಪಟ್ಟಿ ಸಿದ್ಧಪಡಿಸುವುದು ಸಾರ್ವಜನಿಕ ಹಣದ ವ್ಯರ್ಥ. ಬೇರ್ಪಡಿಸಲು ಒಂದು ಬಕೆಟ್ ಸಾಕು. ತೊಟ್ಟಿಯೊಳಗೆ ಭಾರವಾದ ಬಕೆಟನ್ನು ಇಟ್ಟು, ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಇರುವಂತೆ ತುಂಬಿ, ಎರಡೂ ಮಟ್ಟಗಳನ್ನು ಬಕೆಟಿನ ಮೈಮೇಲೆ ಗುರುತು ಮಾಡಬೇಕು. ಪಂಪ್ ನಿಲ್ಲಿಸಿ, ನೀರು ತುಂಬುವ ನಲ್ಲಿಯನ್ನು ಮುಚ್ಚಿ ಒಂದು ದಿನ ಬಿಟ್ಟು ನೋಡಿದಾಗ ಬಕೆಟಿನಲ್ಲೂ ತೊಟ್ಟಿಯಲ್ಲೂ ಇಳಿತ ಸಮನಾಗಿದ್ದರೆ ಅದು ಆವಿ. ತೊಟ್ಟಿಯಲ್ಲಿ ಹೆಚ್ಚಾಗಿ ಇಳಿದಿದ್ದರೆ ತೊಟ್ಟಿಯಲ್ಲಿಯೇ ಸೋರಿಕೆಯಿದೆ. ಹಾಗಿದ್ದಲ್ಲಿ ನೀರನ್ನು ಇನ್ನೂ ಕೆಲವು ದಿನ ಹಾಗೆಯೇ ಬಿಟ್ಟು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಕಾಯಬೇಕು, ಬಿರುಕು ಅಥವಾ ಸಡಿಲವಾದ ಸಂದು ಆ ಎತ್ತರದಲ್ಲಿಯೇ ಇರುತ್ತದೆ. ಅಲ್ಲಿ ಸಿರಿಂಜಿನಿಂದ ಸ್ವಲ್ಪ ಬಣ್ಣದ ನೀರನ್ನು ಮೆಲ್ಲಗೆ ಬಿಟ್ಟರೆ ಬಣ್ಣ ಯಾವ ಸಂದಿಗೆ ಎಳೆದುಕೊಂಡು ಹೋಗುತ್ತದೆ ಎಂಬುದು ಕಾಣುತ್ತದೆ.

ಪಂಪ್ ನಿಂತಾಗ ಇಳಿಯದ ನೀರು ಪಂಪ್ ಓಡುವಾಗ ಮಾತ್ರ ಇಳಿಯುತ್ತಿದ್ದರೆ ತೊಟ್ಟಿಯನ್ನು ದೂರಬೇಕಾಗಿಲ್ಲ. ಏರುವ ಪೈಪಿನ ಜೋಡಣೆ, ಸಿಡಿಯುವ ಹನಿಗಳು, ಅಥವಾ ಅಂಚಿನ ಅಡಿಗೆ ಅಂಟಿಕೊಂಡು ಚಪ್ಪಡಿಯ ಬೆನ್ನಿಗೆ ಹರಿಯುವ ನೀರು ಇದಕ್ಕೆ ಕಾರಣ. ಕೊನೆಯದು ತುಂಬ ಕಾಲ ಯಾರಿಗೂ ತಿಳಿಯದೆ ಇರುವಂಥದ್ದು, ಶಿಲ್ಪದ ಹಿಂದಿನ ಗೋಡೆಯ ಸುಣ್ಣಬಣ್ಣ ಉಬ್ಬಿ ಉದುರಿದಾಗಲೇ ಅದು ಬೆಳಕಿಗೆ ಬರುತ್ತದೆ. ಮಳೆನೀರು ಗೋಡೆಗೆ ಹಿಂದಿರುಗದಂತೆ ಸಜ್ಜೆಯ ಅಡಿಯಲ್ಲಿ ಗೀರು ಬಿಡುವ ಕ್ರಮ ಕಟ್ಟಡದವರಿಗೆಲ್ಲ ಗೊತ್ತಿದೆ; ದೋಣಿಯ ಅಂಚಿನ ಅಡಿಯಲ್ಲಿಯೂ ಅಂತಹ ಗೀರು ಇರಬೇಕು ಮತ್ತು ಅದರಲ್ಲಿ ಸುಣ್ಣದ ಪದರ ತುಂಬಿಕೊಂಡಿರಬಾರದು. ಹನಿ ಸಿಡಿಯುವುದನ್ನು ಕಂಡುಹಿಡಿಯಲು ಸುತ್ತಲಿನ ನೆಲದ ಮೇಲೆ ಹಳೆಯ ವೃತ್ತಪತ್ರಿಕೆಯನ್ನು ಹರಡಿ ಒಂದು ತಾಸು ಬಿಟ್ಟರೆ ತೇವದ ಚುಕ್ಕೆಗಳು ತಾವಾಗಿ ನಕ್ಷೆ ಬರೆಯುತ್ತವೆ.

ಸೋರಿಕೆಯಂತೆ ತೋರಿ ಸೋರಿಕೆಯೇ ಅಲ್ಲದ ಒಂದು ದೋಷವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇದಕ್ಕಾಗಿ ತೊಟ್ಟಿಗಳನ್ನು ಒಡೆದು ಹೊಸದಾಗಿ ಕಟ್ಟುವಷ್ಟರ ಮಟ್ಟಿಗೆ ತಪ್ಪು ನಿರ್ಣಯಗಳಾಗುತ್ತವೆ. ಪಂಪ್ ಓಡುತ್ತಿರುವಾಗ ಒಂದಷ್ಟು ನೀರು ಪೈಪಿನಲ್ಲಿ, ದೋಣಿಯಲ್ಲಿ ಮತ್ತು ಕಲ್ಲಿನ ಮೈಮೇಲೆ ಇರುತ್ತದೆ. ಪಂಪ್ ನಿಂತೊಡನೆ ಅದರ ಬಹುಭಾಗ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಗೆ ತಾನಾಗಿ ನೀರು ತುಂಬಿಸುವ ಫ್ಲೋಟ್ ವಾಲ್ವನ್ನು ಪಂಪ್ ಓಡುತ್ತಿರುವಾಗಿನ ಮಟ್ಟಕ್ಕೆ ತೊಟ್ಟಿ ತುಂಬುವಂತೆ ಹೊಂದಿಸಿಟ್ಟಿದ್ದರೆ, ಪಂಪ್ ನಿಂತಾಗ ಹಿಂದಿರುಗುವ ನೀರಿಗೆ ಜಾಗವಿಲ್ಲದೆ ಅದು ಹೆಚ್ಚುವರಿ ನೀರಿನ ಪೈಪಿನಿಂದ ಮೋರಿಗೆ ಹೋಗುತ್ತದೆ. ಬೆಳಿಗ್ಗೆ ಪಂಪ್ ಚಾಲೂ ಮಾಡಿದಾಗ ತೊಟ್ಟಿಯ ಮಟ್ಟ ತಗ್ಗುತ್ತದೆ, ಫ್ಲೋಟ್ ವಾಲ್ವ್ ಮತ್ತೆ ತುಂಬಿಸುತ್ತದೆ, ಸಂಜೆ ಮತ್ತೆ ಅಷ್ಟೇ ನೀರು ಮೋರಿಗೆ ಹರಿಯುತ್ತದೆ. ದಿನದಲ್ಲಿ ಹಲವು ಬಾರಿ ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಪ್ರತಿ ಕಡಿತಕ್ಕೂ ಇದು ಪುನರಾವರ್ತನೆಯಾಗುತ್ತದೆ. ಪಂಪನ್ನು ನಿಲ್ಲಿಸಿ ಹೆಚ್ಚುವರಿ ಪೈಪಿನ ಬಾಯಿಯನ್ನು ಐದು ನಿಮಿಷ ಗಮನಿಸಿದರೆ ಸಾಕು, ದೋಷ ತಿಳಿದುಹೋಗುತ್ತದೆ. ಫ್ಲೋಟನ್ನು ಹಿಂದಿರುಗುವ ನೀರಿಗೆ ಎಡೆಯಾಗುವಷ್ಟು ತಗ್ಗಿಸುವುದೇ ಪರಿಹಾರ. ಹಾಗೆ ತಗ್ಗಿಸಿದಾಗ ಪಂಪಿನ ಬಾಯಿ ನೀರಿನಿಂದ ಹೊರಗೆ ಬರುವಂತಿದ್ದರೆ ತೊಟ್ಟಿಯ ಗಾತ್ರವೇ ಸಾಲದು ಎಂದರ್ಥ.

ಬಿಳಿ ಪದರ

ಕಪ್ಪು ಗ್ರಾನೈಟಿನ ಮೇಲೆ ಎದ್ದು ಕಾಣುವ ಬಿಳಿ ಗೆರೆಗಳು ಮೂರು ಬಗೆಯವಾಗಿರಬಹುದು ಮತ್ತು ಮೂರಕ್ಕೂ ಚಿಕಿತ್ಸೆ ಬೇರೆ. ಮರೆಯಾದ ಕಡೆಯಿಂದ ಚೂರೊಂದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದು, ಶಿಲ್ಪದಿಂದ ದೂರ ಕೊಂಡೊಯ್ದು ಬಟ್ಟಲಿನಲ್ಲಿ ಪರೀಕ್ಷಿಸಬೇಕು. ಬರಿಯ ನೀರಿನಲ್ಲಿ ಕರಗಿದರೆ ಅದು ಕಲ್ಲಿನ ಹಿಂದಿನ ಗಾರೆಯಿಂದ ಒಸರಿದ ಉಪ್ಪು, ಹಾಗಾದರೆ ಚಪ್ಪಡಿಯ ಬೆನ್ನಿಗೆ ನೀರು ಹೋಗುತ್ತಿದೆ ಎಂದು ತಿಳಿದು ಮೇಲೆ ಹೇಳಿದ ಸೋರಿಕೆ ಪರೀಕ್ಷೆಗೆ ಮರಳಬೇಕು. ನಿಂಬೆರಸ ಅಥವಾ ವಿನೆಗರ್ ಹಾಕಿದಾಗ ಗುಳ್ಳೆಯೆದ್ದು ಕರಗಿದರೆ ಅದು ಸ್ನಾನದ ಹಂಡೆಯೊಳಗೆ ಕಟ್ಟುವಂತಹ ಸುಣ್ಣದ ಪದರ, ಅಂದರೆ ಗಡಸು ನೀರಿನ ಗುರುತು. ಎರಡಕ್ಕೂ ಕರಗದಿದ್ದರೆ ಸಿಲಿಕಾ ಇರುವ ಸಾಧ್ಯತೆ ಹೆಚ್ಚು. ಅದನ್ನು ಸಾಮಾನ್ಯ ಶುಚಿ ಸಾಮಗ್ರಿಗಳಿಂದ ತೆಗೆಯಲು ಪ್ರಯತ್ನಿಸದೆ ತಜ್ಞರಿಗೆ ಬಿಡಬೇಕು.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿ. ಕುಡಿಯಲು ಯೋಗ್ಯವಾದ ನೀರು ಶಿಲ್ಪಕ್ಕೂ ಯೋಗ್ಯವೆಂದು ಭಾವಿಸುವುದು ತಪ್ಪು. ನೀರು ಆವಿಯಾದಾಗ ಲವಣಗಳು ಹಿಂದೆ ಉಳಿಯುತ್ತವೆ ಎಂಬುದನ್ನು ನೆನಪಿನಲ್ಲಿಟ್ಟು ಒಂದು ಲೆಕ್ಕ ಮಾಡಿ ನೋಡಬಹುದು. ತೊಟ್ಟಿಯಲ್ಲಿ 1,000 ಲೀಟರ್ ನೀರಿದ್ದು, ತುಂಬುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಇದ್ದು, ದಿನಕ್ಕೆ 50 ಲೀಟರ್ ಆವಿಯಾಗಿ ಅಷ್ಟೇ ನೀರನ್ನು ಸೇರಿಸುತ್ತಿದ್ದರೆ, 20 ದಿನಗಳಲ್ಲಿ ತೊಟ್ಟಿಯ ಲವಣ ಲೀಟರಿಗೆ 1,000 ಮಿಲಿಗ್ರಾಂ ಆಗುತ್ತದೆ, 60 ದಿನಗಳಲ್ಲಿ 2,000 ಆಗುತ್ತದೆ. ತೊಟ್ಟಿ ಸದಾ ತುಂಬಿಯೇ ಇರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಕರಗಿದ ಲವಣವನ್ನು ಅಳೆಯುವ ಅಗ್ಗದ ಟಿಡಿಎಸ್ ಮೀಟರಿನಿಂದ ವಾರಕ್ಕೊಮ್ಮೆ ತುಂಬುವ ನೀರನ್ನೂ ತೊಟ್ಟಿಯ ನೀರನ್ನೂ ಅಳೆದು, ತೊಟ್ಟಿಯ ಅಂಕಿ ಮೂಲದ ಎರಡರಷ್ಟನ್ನು ಮುಟ್ಟಿದಾಗ ಒಂದು ಭಾಗವನ್ನು ಹೊರತೆಗೆದು ತಾಜಾ ನೀರು ತುಂಬುವುದು ನಾನು ಒಪ್ಪುವ ಕ್ರಮ. ಕಟ್ಟಡದ ತಾರಸಿಯಲ್ಲಿ ಮಳೆನೀರು ಸಂಗ್ರಹವಿದ್ದರೆ, ಸೋಸಿದ ಮಳೆನೀರಿನಷ್ಟು ಮೆದುವಾದ ಮೂಲ ಇನ್ನೊಂದಿಲ್ಲ.

ಶೌಚಾಲಯಕ್ಕೆ ಬಳಸುವ ಆಸಿಡ್ಡನ್ನು ಶಿಲ್ಪದ ಮೇಲೆ ಎಂದಿಗೂ ಸುರಿಯಬಾರದು. ಅದು ಸುಣ್ಣವನ್ನು ಕರಗಿಸುವುದು ನಿಜ, ಜೊತೆಗೆ ಸಂದುಗಳ ಗಾರೆಯನ್ನೂ ಕರಗಿಸುತ್ತದೆ, ಗ್ರಾನೈಟಿನಲ್ಲಿರುವ ಕಬ್ಬಿಣಾಂಶದ ಖನಿಜಗಳನ್ನು ಕೆಣಕಿ ಆಮೇಲೆ ಕಂದು ಕಲೆಗಳನ್ನು ಹೊರತರುತ್ತದೆ, ಸ್ಟೇನ್‌ಲೆಸ್ ಸ್ಟೀಲನ್ನು ಕೊರೆಯುತ್ತದೆ. ರಾಷ್ಟ್ರಪತಿ ಭವನದ ಉದ್ಯಾನದಲ್ಲಿ ಎಡ್ವಿನ್ ಲುಟ್ಯೆನ್ಸ್ ರೂಪಿಸಿದ ಕಮಲಾಕಾರದ ಕಾರಂಜಿಗಳಂತೆ ಕೆಂಪು ಮರಳುಗಲ್ಲಿನಿಂದ ಮಾಡಿದ ಕೃತಿಗಳಲ್ಲಂತೂ ಕಲ್ಲೇ ನೀರನ್ನು ಹೀರುವುದರಿಂದ ಸುರಿದ ಯಾವ ದ್ರವವೂ ಮೇಲ್ಮೈಯಲ್ಲಿ ಉಳಿಯುವುದಿಲ್ಲ. ನಮ್ಮ ಗ್ರಾನೈಟ್ ಅಷ್ಟು ಹೀರದಿದ್ದರೂ ಸಂದುಗಳು ಹೀರುತ್ತವೆ.

ಹಸಿರು, ಕಂದು, ಕೆಂಪು

ಕಂಚಿನ ಮೇಲಿನ ಹಸಿರೆಲ್ಲ ರೋಗವಲ್ಲ. ಮೈಗೆ ಬಿಗಿಯಾಗಿ ಅಂಟಿದ, ಸಮನಾದ ಕಿಲುಬು ಲೋಹವನ್ನು ಕಾಪಾಡುತ್ತದೆ, ಮತ್ತು ಅನೇಕ ಬಾರಿ ಕಲಾವಿದರೇ ಅದನ್ನು ರಾಸಾಯನಿಕಗಳಿಂದ ಬೇಕೆಂದೇ ತರಿಸಿರುತ್ತಾರೆ. ತಿಳಿ ಹಸಿರು ಪುಡಿ ಚುಕ್ಕೆಗಳಾಗಿ ಉಬ್ಬಿ, ಮೆದು ಬ್ರಷ್ಷಿನಿಂದ ತೆಗೆದ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮರಳಿದರೆ ಮಾತ್ರ ಅದು ಕ್ಲೋರೈಡಿನಿಂದ ಒಳಗೊಳಗೇ ಲೋಹ ತಿನ್ನುವ ಸವೆತ, ಅದಕ್ಕೆ ಲೋಹ ಸಂರಕ್ಷಣೆಯ ತಜ್ಞರು ಬೇಕು. ಹುಣಸೆಹಣ್ಣಿನಿಂದಲೋ ಹಿತ್ತಾಳೆ ಪಾತ್ರೆ ಬೆಳಗುವ ಪುಡಿಯಿಂದಲೋ ಕಂಚನ್ನು ಹೊಳೆಯಿಸುವುದು ಮನೆಯ ದೀಪಕ್ಕೆ ಸರಿ. ಶಿಲ್ಪಕ್ಕೆ ಅದು ಕಲಾವಿದರು ಕೊಟ್ಟ ಬಣ್ಣವನ್ನು ಅಳಿಸಿದಂತೆ.

ಸ್ಟೇನ್‌ಲೆಸ್ ಸ್ಟೀಲಿನ ಕಂದು ಕಲೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಬೇಕು. ಒರೆಸಿದರೆ ಹೋಗುವುದು ಹೊರಗಿನಿಂದ ಬಂದ ಕಬ್ಬಿಣ. ಪಾತ್ರೆ ತಿಕ್ಕುವ ಕಬ್ಬಿಣದ ನಾರಿನ ಕಣಗಳು, ಹತ್ತಿರದಲ್ಲಿ ನಡೆದ ವೆಲ್ಡಿಂಗಿನ ಕಿಡಿಗಳು, ಜನರು ಹರಕೆಯ ಭಾವದಿಂದ ತೊಟ್ಟಿಗೆ ಹಾಕುವ ನಾಣ್ಯಗಳು ಇದಕ್ಕೆ ಕಾರಣವಾಗಬಹುದು. ನಾಣ್ಯಗಳನ್ನು ವಾರಕ್ಕೊಮ್ಮೆ ತೆಗೆಯಬೇಕು. ಒರೆಸಿದ ಬಳಿಕ ಸೂಜಿಮೊನೆಯಂತಹ ಗುಳಿಗಳು ಉಳಿದಿದ್ದರೆ ನೀರಿನ ಕ್ಲೋರೈಡ್ ಲೋಹವನ್ನು ಕೊರೆದಿದೆ. ಇಲ್ಲಿ ಲೋಹದ ದರ್ಜೆ ಮುಖ್ಯವಾಗುತ್ತದೆ: 316 ದರ್ಜೆಯಲ್ಲಿರುವ ಮಾಲಿಬ್ಡಿನಮ್ 304ರಲ್ಲಿ ಇರುವುದಿಲ್ಲವಾದ್ದರಿಂದ 304 ಬೇಗ ಕೊರೆಯಲ್ಪಡುತ್ತದೆ. ಪಾಚಿಗೆಂದು ಬ್ಲೀಚಿಂಗ್ ಪುಡಿ ಹಾಕುವ ರೂಢಿಯಿದ್ದರೆ ಗುಳಿಗಳ ಮೂಲ ಅದೇ ಇರಬಹುದು. ಆ ಪುಡಿಯು ಕ್ಲೋರೈಡನ್ನೂ ಕ್ಯಾಲ್ಸಿಯಮ್ಮನ್ನೂ ನೀರಿಗೆ ಸೇರಿಸುವುದರಿಂದ, ಒಂದು ದೋಷದ ಚಿಕಿತ್ಸೆಯಾಗಿ ಬಂದು ಲೋಹದ ಸವೆತ ಮತ್ತು ಬಿಳಿ ಪದರ ಎರಡನ್ನೂ ಹೆಚ್ಚಿಸುತ್ತದೆ.

ನಮ್ಮ ಕಚೇರಿಗಳಿಗೇ ವಿಶಿಷ್ಟವಾದ ಇನ್ನೊಂದು ಕಲೆ ಇದೆ. ಆಯುಧಪೂಜೆಯ ದಿನ ಪಂಪಿಗೂ ಶಿಲ್ಪಕ್ಕೂ ಅರಿಸಿನ ಕುಂಕುಮ ಹಚ್ಚುವುದು ಸಹಜ. ನದಿಯನ್ನು ನೆನಪಿಸುವ ಕೃತಿಯಾದರೆ ಬೇರೆ ದಿನಗಳಲ್ಲಿಯೂ ಜನರು ಹಚ್ಚುತ್ತಾರೆ. ಅರಿಸಿನ ಕ್ಷಾರಗುಣದ ಗಾರೆಯ ಸಂಪರ್ಕಕ್ಕೆ ಬಂದರೆ ಕೆಂಪಾಗುತ್ತದೆ, ಆಗ ಅದನ್ನು ತುಕ್ಕು ಎಂದು ತಿಳಿದು ಒಳಗಿನ ಕಬ್ಬಿಣವನ್ನು ಹುಡುಕುವವರಿದ್ದಾರೆ. ಒದ್ದೆ ಹತ್ತಿಯಿಂದ ಕಲೆಯನ್ನು ಸ್ವಲ್ಪ ಎತ್ತಿ, ಆ ಹತ್ತಿಯ ಮೇಲೆ ಮಾತ್ರ ನಿಂಬೆರಸದ ಹನಿ ಹಾಕಿದಾಗ ಹಳದಿಗೆ ತಿರುಗಿದರೆ ಅದು ಅರಿಸಿನ. ಪೂಜೆಯನ್ನು ನಿಲ್ಲಿಸುವ ಅಗತ್ಯವಿಲ್ಲ. ಶಿಲ್ಪದ ಮುಂದೆ ಪ್ರತ್ಯೇಕ ಪೀಠವೊಂದನ್ನು ಇಟ್ಟು ಅಲ್ಲಿ ಪೂಜೆ ಸಲ್ಲುವಂತೆ ಸಿಬ್ಬಂದಿಯೊಡನೆ ಮಾತನಾಡಿಕೊಳ್ಳುವುದು ಸಾಕು.

ವಾಸನೆ, ಲೋಳೆ ಮತ್ತು ಆರೋಗ್ಯ

ಇದುವರೆಗಿನ ದೋಷಗಳು ಕೃತಿಗೆ ಹಾನಿ ಮಾಡುವಂಥವು. ಇದು ಜನರಿಗೆ ಹಾನಿ ಮಾಡಬಲ್ಲದು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆಳೆದು, ಸೂಕ್ಷ್ಮ ಹನಿಗಳ ಮೂಲಕ ಶ್ವಾಸಕೋಶ ಸೇರಿ ತೀವ್ರ ನ್ಯುಮೋನಿಯಾ ತರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಸ್ಪತ್ರೆಯೊಂದರಲ್ಲಿ 2010ರಲ್ಲಿ 8 ಮಂದಿಗೆ ಈ ಸೋಂಕು ತಗುಲಿದಾಗ, ಅದರ ಮೂಲ ಮುಖ್ಯ ಪ್ರವೇಶಾಂಗಣದಲ್ಲಿದ್ದ ಗೋಡೆಯಾಕಾರದ ಅಲಂಕಾರಿಕ ನೀರಿನ ತೆರೆ ಎಂದು ತನಿಖೆ ಕಂಡುಕೊಂಡಿತು; ಅದನ್ನು ನಿಯಮಿತವಾಗಿ ಶುಚಿಗೊಳಿಸಲಾಗುತ್ತಿತ್ತು ಎಂಬುದು ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ನಮ್ಮ ಬಹುತೇಕ ಊರುಗಳಲ್ಲಿ ಒಳಾಂಗಣದ ನೀರು ವರ್ಷವಿಡೀ ಆ ಉಷ್ಣಾಂಶದ ವ್ಯಾಪ್ತಿಯಲ್ಲಿಯೇ ಇರುತ್ತದೆ.

ಆದ್ದರಿಂದ ಬೆರಳಿಗೆ ಜಾರುವ ಲೋಳೆ, ಮುಗ್ಗಲು ವಾಸನೆ ಅಥವಾ ಹಸಿರು ಪಾಚಿ ಕಂಡ ದಿನ ಪಂಪನ್ನು ನಿಲ್ಲಿಸಿ, ನೀರನ್ನು ಪೂರ್ತಿ ಹೊರತೆಗೆದು, ತೊಟ್ಟಿ, ದೋಣಿ, ಜಾಲರಿ ಮತ್ತು ಸ್ಪಂಜಿನಂತಹ ಭಾಗಗಳನ್ನು ತೆಗೆದು ತೊಳೆದು, ಸೋಂಕುನಿವಾರಣೆ ಮಾಡಿದ ಮೇಲೆಯೇ ಮತ್ತೆ ಹರಿಸಬೇಕು. ತೊಳೆಯುವವರು ಮುಖಗವಸು ಧರಿಸಬೇಕು. ಕಾರಣ ಹುಡುಕುವಾಗ ಗಾಜಿನ ಚಾವಣಿಯಿಂದ ಬೀಳುವ ಬಿಸಿಲು, ನೀರನ್ನು ಕಾಯಿಸುವ ದೀಪಗಳು, ವಾರಾಂತ್ಯದಲ್ಲಿ ನಿಂತೇ ಇರುವ ನೀರು ಇವನ್ನು ನೋಡಬೇಕು. ಸಂಸ್ಕರಿಸಿದ ನೀರಿನಲ್ಲಿ ಸಾರಜನಕ ಮತ್ತು ರಂಜಕದ ಅಂಶ ಉಳಿದಿರಬಹುದಾದ್ದರಿಂದ ಪಾಚಿ ಬೇಗ ಬೆಳೆಯುತ್ತದೆ. ಹೊರಗಿನ ಉದ್ಯಾನದ ಕಾರಂಜಿಗೆ ಅದು ತಕ್ಕುದಾಗಿರಬಹುದು, ಆದರೆ ವೃದ್ಧರೂ ರೋಗಿಗಳೂ ಅರ್ಜಿ ಹಿಡಿದು ತಾಸುಗಟ್ಟಲೆ ಕಾಯುವ ಮುಚ್ಚಿದ ಸಭಾಂಗಣದಲ್ಲಿ, ಪ್ರಯೋಗಾಲಯದ ವರದಿಯಿಲ್ಲದೆ ಆ ನೀರನ್ನು ಹರಿಸುವುದಕ್ಕಿಂತ ಶಿಲ್ಪವನ್ನು ಒಣಗಿಸಿಯೇ ಇಡುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದ್ಯುತ್ ಟ್ರಿಪ್ ಆಗುವುದು

ಪಂಪ್ ಚಾಲೂ ಮಾಡಿದೊಡನೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಟ್ರಿಪ್ ಆದರೆ ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಪಂಪ್ ಮತ್ತು ದೀಪಗಳನ್ನು ಒಂದೊಂದಾಗಿ ಬೇರ್ಪಡಿಸಿ ಯಾವುದರಿಂದ ಟ್ರಿಪ್ ಆಗುತ್ತದೆ ಎಂದು ನೋಡಬೇಕು. ಬಹುಪಾಲು ತೇವ ಸೇರಿದ ಜಂಕ್ಷನ್ ಪೆಟ್ಟಿಗೆಯೇ ಕಾರಣವಾಗಿರುತ್ತದೆ. ವಿದ್ಯುತ್ ನಿರೋಧವನ್ನು ಅಳೆಯುವ ಮೆಗ್ಗರ್ ಉಪಕರಣದಲ್ಲಿ ಮೋಟಾರಿನ ನಿರೋಧ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಪಂಪನ್ನು ಹೊರತೆಗೆಯಬೇಕು. ಈ ಕೆಲಸವೆಲ್ಲ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರದು.

ಬದಲಾವಣೆಗೆ ಅನುಮತಿ

ಮೇಲಿನ ಪರೀಕ್ಷೆಗಳ ಕೊನೆಗೆ ಕೆಲವೊಮ್ಮೆ ಚಪ್ಪಡಿಯನ್ನು ಬಿಚ್ಚಬೇಕು, ಅಂಚನ್ನು ಬದಲಿಸಬೇಕು, ಅಥವಾ ಶಿಲ್ಪವನ್ನೇ ಸ್ಥಳಾಂತರಿಸಬೇಕು ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಕಟ್ಟಡ ಸರ್ಕಾರದ್ದಾದ ಮಾತ್ರಕ್ಕೆ ಕೃತಿಯನ್ನು ಹೇಗೆ ಬೇಕಾದರೂ ಮಾಡಬಹುದೆಂಬುದು ಕಾನೂನಿನ ದೃಷ್ಟಿಯಲ್ಲಿ ಸರಿಯಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಳಚಿ ಉಗ್ರಾಣಕ್ಕೆ ಹಾಕಲಾಯಿತು. ಆ ಕುರಿತ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮಿನಡಿ ತಮ್ಮ ಕೃತಿಯನ್ನು ವಿರೂಪಗೊಳಿಸದಂತೆ ತಡೆಯಲು ಕಲಾವಿದರಿಗಿರುವ ವಿಶೇಷ ಹಕ್ಕನ್ನು ಎತ್ತಿಹಿಡಿದು, ಉಳಿದ ಭಾಗಗಳನ್ನು ಅವರಿಗೆ ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ನೀಡಲು ಆದೇಶಿಸಿತು. ಹಾಗಾಗಿ ಕೃತಿಯ ರೂಪ ಬದಲಾಗುವ ಯಾವ ದುರಸ್ತಿಯ ಅಂದಾಜುಪಟ್ಟಿಯ ಜೊತೆಗೂ ಕಲಾವಿದರ ಅಥವಾ ಅವರ ವಾರಸುದಾರರ ಲಿಖಿತ ಅಭಿಪ್ರಾಯವಿರಬೇಕು, ಮತ್ತು ಬಿಚ್ಚಿದ ಪ್ರತಿ ಭಾಗಕ್ಕೂ ಸಂಖ್ಯೆ ಬರೆದ ಚೀಟಿ ಕಟ್ಟಿ, ಅದೇ ಸಂಖ್ಯೆಯನ್ನು ಛಾಯಾಚಿತ್ರದ ಮೇಲೂ ಗುರುತಿಸಬೇಕು.

ಮತ್ತೆ ಹರಿಸುವಾಗ

ಬಹುಕಾಲ ಒಣಗಿದ್ದ ಶಿಲ್ಪವನ್ನು ಮೊದಲ ದಿನವೇ ಪೂರ್ಣ ಪ್ರಮಾಣದಲ್ಲಿ ಓಡಿಸಬಾರದು. ಒಣಗಿ ಕುಗ್ಗಿದ ಸೀಲಂಟ್ ಮತ್ತು ಗ್ಯಾಸ್ಕೆಟ್‌ಗಳು ಸೋರಬಹುದು, ಪೈಪಿನಲ್ಲಿ ನಿಂತಿದ್ದ ನೀರು ಮಲಿನವಾಗಿರಬಹುದು. ಮೊದಲು ಪೈಪನ್ನು ತೊಳೆದು ಆ ನೀರನ್ನು ಚೆಲ್ಲಿ, ತೊಟ್ಟಿಯನ್ನು ತುಂಬಿ ಬಕೆಟ್ ಪರೀಕ್ಷೆಯನ್ನು ಮಾಡಿ, ಅನಂತರ ಕಚೇರಿಯ ವೇಳೆ ಮುಗಿದ ಮೇಲೆ ವಾಲ್ವನ್ನು ಕಡಿಮೆ ತೆರೆದು ಪಂಪನ್ನು ಕೆಲವು ತಾಸು ಓಡಿಸಬೇಕು. ದುರಸ್ತಿ ಮುಗಿಯಿತೆಂದು ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮುನ್ನ ಕನಿಷ್ಠ ಒಂದು ವಾರದ ನೀರಿನ ಮಟ್ಟ ಮತ್ತು ಟಿಡಿಎಸ್ ಅಂಕಿಗಳು ಲಾಗ್ ಪುಸ್ತಕದಲ್ಲಿರಬೇಕು, ದೋಣಿಯ ಅಂಚಿನ ಅರ್ಧ ಮೀಟರಿಗೊಂದರಂತೆ ತೆಗೆದ ಅಳತೆಗಳ ಪಟ್ಟಿಯೂ ಅದರ ಜೊತೆಯಲ್ಲಿಯೇ ಇರಬೇಕು.